ಜ್ವರ ಬರುವ ಮುಂಚಿನ ಸೂಜಿ

ಆ ಮಳೆಗಾಲದ ಜ್ವರ ನಮ್ಮ ಮನೆಗೆ ಬಂದದ್ದು ಕೊಪ್ಪದ ಸಂತೆಯಿಂದ. ಮಗ ಮಹದೇವ ಸಂತೆ ಮುಗಿಸಿ ಬಂದವನು ಜಗಲಿಯಲ್ಲಿ ಕೂತು ಒಂದೇ ಸಮನೆ ಸೀನಿದ. "ಹೊಗೆಸೊಪ್ಪಿನ ಘಾಟು ಕಣವ್ವ" ಎಂದ. ನಮ್ಮೂರು ಹಾರನಹಳ್ಳಿಯ ಸುತ್ತ ಆಗ ಹೊಗೆಸೊಪ್ಪು ಬೇಯಿಸುವ ಕಾಲ, ಗಾಳಿಯೆಲ್ಲ ಘಾಟು. ನಾನೂ ನಂಬಿದೆ. ಎರಡು ದಿನ ಕಳೆಯುವಷ್ಟರಲ್ಲಿ ಸೊಸೆ ಮಲಗಿದಳು. ಆಮೇಲೆ ಸೊಪ್ಪು ಕಟ್ಟಲು ಬರುತ್ತಿದ್ದ ಹೆಂಗಸರು ಒಬ್ಬೊಬ್ಬರಾಗಿ ಬರುವುದು ನಿಂತಿತು. ಎಲ್ಲರೂ ಮಲಗಿದರು, ನರಳಿದರು, ಎದ್ದರು. ಅವರಿಗೆಲ್ಲ ಗಂಜಿ ಕಾಸಿಕೊಟ್ಟ ನಾನು ಕೊನೆಗೆ ಮಲಗಿದೆ. ನಾನು ಮಾತ್ರ ಏಳಲಿಲ್ಲ.

ನನಗೆ ಆಗ ಅರವತ್ತು ದಾಟಿತ್ತು. ಜ್ವರ ನನಗೇನು ಹೊಸದಲ್ಲ. ಆದರೆ ಇದರ ನಡೆ ಬೇರೆಯಾಗಿತ್ತು. ಬೇರೆ ಜ್ವರಗಳು ಮೊದಲು ಮೈ ಬೆಚ್ಚಗೆ ಮಾಡಿ, ಬಾಯಿ ಕಹಿ ಮಾಡಿ, ಹೇಳಿ ಕೇಳಿ ಬರುತ್ತವೆ. ಇದು ಹಾಗಲ್ಲ. ಬೆಳಿಗ್ಗೆ ಎಮ್ಮೆ ಕರೆಯಲು ಕೂತಾಗ ನಾನು ಚೆನ್ನಾಗಿದ್ದೆ, ಕರೆದು ಏಳುವಾಗ ಚೆನ್ನಾಗಿರಲಿಲ್ಲ. ಮಂಡಿಯ ಕೀಲುಗಳಲ್ಲಿ ಯಾರೋ ಮರಳು ಸುರಿದ ಹಾಗೆ. ಸೀರೆಯ ಅಂಚು ತಗುಲಿದರೂ ಚರ್ಮ ನೋಯುತ್ತಿತ್ತು. ಇಷ್ಟು ವರ್ಷ ಮೈಮೇಲೆ ಇದ್ದ ಬಟ್ಟೆ ಇದ್ದಕ್ಕಿದ್ದಂತೆ ಯಾಕೆ ನೋಯುತ್ತದೆ ಎಂದು ಕಂಬಳಿ ಹೊದ್ದುಕೊಂಡೇ ಯೋಚಿಸಿದ್ದು ನೆನಪಿದೆ. ಹೆದರಿಕೆ ಆಮೇಲೆ ಬಂತು. ಜ್ವರ ಸ್ವಲ್ಪ ಇಳಿದು, ಇನ್ನೇನು ಬಿಟ್ಟಿತು ಎಂದುಕೊಂಡಾಗ ಮತ್ತೆ ಚಳಿ ಹಿಡಿದು ನಡುಗಿದೆ. ಉಸಿರೆಳೆದರೆ ಬಲಪಕ್ಕೆಯಲ್ಲಿ ಚುಚ್ಚು. ಎದೆಯೊಳಗೆ ಒಣಗಿದ ಸೊಪ್ಪು ಮಡಚಿದಂಥ ಸದ್ದು.

ಅಕ್ಕ ಆಗ ಸಾಲಿಗ್ರಾಮದಲ್ಲಿದ್ದಳು, ತನ್ನ ತಂಗಿಯ ಮಗಳ ಬಾಣಂತನಕ್ಕೆಂದು ಹೋಗಿದ್ದಳು. ಅಕ್ಕ ಎಂದರೆ ನನ್ನ ಒಡಹುಟ್ಟಿದವಳಲ್ಲ, ನನ್ನ ಗಂಡನ ಅಣ್ಣನ ಹೆಂಡತಿ, ನಂಜಮ್ಮ. ನಾನು ಈ ಮನೆಗೆ ಇನ್ನೂ ಹುಡುಗಿಯಾಗಿ ಬಂದಾಗ ದಿನಾ ನನಗೆ ತಲೆ ಬಾಚಿ ಜಡೆ ಹಾಕುತ್ತಿದ್ದವಳು. ಗಂಡಂದಿರು ಹೋದ ಮೇಲೆ ಮನೆ, ಹೊಲ, ಮಕ್ಕಳ ಮದುವೆ ಎಲ್ಲವನ್ನೂ ಇಬ್ಬರೂ ಕೂಡಿ ನಿಭಾಯಿಸಿದೆವು. ನನಗಿಂತ ಏಳೆಂಟು ವರ್ಷ ದೊಡ್ಡವಳು. ಮೊದಲಿನಿಂದಲೂ ಅವಳಿಗೆ ಗೂರಲು. ಮೋಡ ಕವಿದರೆ ಸಾಕು, ಉಸಿರು ಸಿಳ್ಳೆ ಹಾಕುತ್ತಿತ್ತು. ನನಗೆ ಹುಷಾರಿಲ್ಲವೆಂಬ ಸುದ್ದಿ ಹೇಗೋ ಮುಟ್ಟಿ, ಬಸ್ಸು ಹತ್ತಿ ಬಂದಳು. ಒಳಗೆ ಬಂದವಳೇ ನನ್ನ ಮುಖ ನೋಡಿ ಚೀಲವನ್ನು ಅಲ್ಲೇ ಬಿಟ್ಟಳು.

"ಏನ್ಲಾ ಮಾದೇವ, ಇವ್ಳ ತುಟಿ ನೋಡಿದ್ಯಾ? ನೇರ್ಳೆಹಣ್ಣು ತಿಂದಂಗೈತೆ."

"ಕಸಾಯ ಕೊಡ್ತಾ ಇದೀವಿ ಕಣ್ ದೊಡ್ಡವ್ವ."

"ಕಸಾಯದ ಕಾಲ ಮುಗೀತು ಬುಡು. ಗಾಡಿ ಕಟ್ಟು."

ಕೊಪ್ಪದಲ್ಲಿ ಡಾಕ್ಟರ್ ಉತ್ತಯ್ಯನವರ ಚಿಕ್ಕ ಆಸ್ಪತ್ರೆ ಇತ್ತು. ಕೊಡಗಿನವರು, ಮಿಲಿಟರಿಯಲ್ಲಿ ಡಾಕ್ಟರಾಗಿದ್ದು ನಿವೃತ್ತರಾಗಿ ಬಂದವರು. ಮುಂದೆ ಹೆಂಚಿನ ಜಗಲಿ, ಅದರ ಗೋಡೆಗೆ ಉದ್ದದ ಬೆಂಚು, ಒಳಗೆ ಕೆಲವು ಮಂಚ. ಆ ದಿನ ಬೆಂಚಿನ ಮೇಲೆ ಜಾಗವಿರಲಿಲ್ಲ. ಕಾಫಿ ತೋಟದ ಕೂಲಿಯವರು, ಮಗು ಎತ್ತಿಕೊಂಡ ಹೆಂಗಸರು, ಬೈಲಕುಪ್ಪೆಯ ಟಿಬೆಟ್ಟಿನವರು, ಎಲ್ಲರೂ ಒಂದೇ ರಾಗದಲ್ಲಿ ಕೆಮ್ಮುತ್ತಿದ್ದರು. ನನ್ನನ್ನು ಕಂಡು ಟಿಬೆಟ್ಟಿನ ಒಬ್ಬ ಮುದುಕಿ ಸರಿದು ಕೂತು ತನ್ನ ಪಕ್ಕ ಬೆಂಚು ತಟ್ಟಿದಳು. ಅವಳ ಮುಖದ ತುಂಬ ಗೆರೆ, ಎರಡು ಜಡೆ, ಕೈಯಲ್ಲಿ ಗಿರಗಿರ ತಿರುಗಿಸುವ ಒಂದು ಸಣ್ಣ ಚಕ್ರ. ಅವಳ ಭಾಷೆ ನನಗೆ ಬಾರದು, ನನ್ನದು ಅವಳಿಗೆ ಬಾರದು. ನಾನು ನಡುಗುವುದನ್ನು ನೋಡಿ ಫ್ಲಾಸ್ಕಿನ ಮುಚ್ಚಳಕ್ಕೆ ಏನೋ ಬಗ್ಗಿಸಿ ಕೊಟ್ಟಳು. ಟೀ ಎಂದು ಬಾಯಿಗಿಟ್ಟರೆ ಉಪ್ಪು! ಮೇಲೆ ಬೆಣ್ಣೆಯ ಪಸೆ ತೇಲುತ್ತಿತ್ತು. ಟೀಗೆ ಯಾರಾದರೂ ಉಪ್ಪು ಹಾಕುತ್ತಾರೆಯೇ ಎಂದು ಅವಳ ಮುಖ ನೋಡಿದೆ. ಅವಳು ಕುಡಿ ಕುಡಿ ಎಂದು ಕೈಯಾಡಿಸಿದಳು. ಎರಡನೆಯ ಗುಟುಕಿಗೆ ಅದು ಟೀ ಅಲ್ಲ, ಒಂದು ಬಗೆಯ ಸಾರು ಎಂದುಕೊಂಡೆ, ಆಗ ರುಚಿಸಿತು. ಎಷ್ಟೋ ದಿನದ ಮೇಲೆ ನಾಲಿಗೆಗೆ ಏನಾದರೂ ತಾಕಿದ್ದು ಅದೇ ಮೊದಲು.

ಡಾಕ್ಟರು ಬೆನ್ನಿಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. "ಫ್ಲೂ ಜ್ವರ ಬಂದು ಹೋಗಿದೆ. ಅದರ ಹಿಂದೆಯೇ ನ್ಯುಮೋನಿಯಾ ಕೂತಿದೆ. ಇಲ್ಲೇ ಇರಬೇಕು" ಎಂದು ಮಹದೇವನಿಗೆ ಹೇಳಿದರು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಅಕ್ಕನ ಕಡೆ ತಿರುಗಿದರು. ಅವಳ ಉಸಿರಿನ ಸಿಳ್ಳೆ ಅವರ ಕಿವಿಗೆ ಆಗಲೇ ಬಿದ್ದಿತ್ತು.

"ನೀವು ಒಳಗೆ ಬರುವ ಹಾಗಿಲ್ಲ ಅಮ್ಮ."

"ನಾನ್ ಬರ್ದೆ ಇವ್ಳನ್ನ ಇನ್ಯಾರ್ ನೋಡ್ಕೊತಾರೆ?"

"ನರ್ಸ್ ಇದ್ದಾರೆ, ಮಗ ಇದ್ದಾರೆ. ಈ ರೋಗ ನಿಮ್ಮ ಎದೆಗೆ ಹೊಕ್ಕರೆ ನನ್ನ ಕೈಯಲ್ಲಿ ಆಗೋದಿಲ್ಲ. ನೋಡಲೇಬೇಕು ಅಂದ್ರೆ ಹೊರಗಡೆ ಕಿಟಕಿಯಿಂದ ನೋಡಿ."

ಅಕ್ಕನಿಗೆ ಯಾರೂ ಹಾಗೆ ಹೇಳಿದ್ದನ್ನು ನಾನು ಕಂಡಿರಲಿಲ್ಲ. ಮನೆಯಲ್ಲಿ ಯಾರು ಎಲ್ಲಿ ಕೂರಬೇಕು ಎಂದು ಹೇಳುವವಳು ಅವಳೇ. ಬೈದುಕೊಂಡೇ ಹೊರಗೆ ಹೋದಳು. ಆದರೆ ಊರಿಗೆ ಹೋಗಲಿಲ್ಲ. ಕೊಪ್ಪದಲ್ಲೇ ಪರಿಚಯದವರ ಮನೆಯಲ್ಲಿ ಉಳಿದುಕೊಂಡು ಬೆಳಿಗ್ಗೆ, ಸಂಜೆ ಕಿಟಕಿಯ ಹತ್ತಿರ ಬಂದು ನಿಲ್ಲುತ್ತಿದ್ದಳು.

"ಉಸ್ರು ಎಂಗೈತೆ?"

"ಇವತ್ತು ಮೇಲು ಕಣಕ್ಕ."

"ನಿನ್ನೆನೂ ಅಂಗೇ ಅಂದೆ."

"ನಿನ್ನೆ ಸುಳ್ಳೇಳಿದ್ದೆ. ಇವತ್ತು ನಿಜ."

ಅವಳು ನಗಲಿಲ್ಲ. ಕಂಬಿ ಹಿಡಿದುಕೊಂಡು ನನ್ನ ಹೊಟ್ಟೆ ಏರಿಳಿಯುವುದನ್ನೇ ನೋಡುತ್ತಾ ನಿಂತಳು. ನರ್ಸು ಕುದಿಯುವ ನೀರಿನ ತಟ್ಟೆಯಿಂದ ಸೂಜಿ ತೆಗೆಯುವ ಟಣ್ ಸದ್ದಿಗೆ ನನ್ನ ಮೈ ತಾನಾಗಿ ಬಿಗಿಯುತ್ತಿತ್ತು. ಪೆನ್ಸಿಲಿನ್ ಸೂಜಿ ಬಿದ್ದ ಕಡೆ ಕೂರಲೂ ಆಗದಂತೆ ನೋಯುತ್ತಿತ್ತು. ಆದರೂ ಪ್ರತಿ ಸೂಜಿಯ ನಂತರ ಉಸಿರು ಒಂದು ಕೂದಲೆಳೆಯಷ್ಟು ಉದ್ದವಾಗುತ್ತಿದೆ ಎನ್ನಿಸುತ್ತಿತ್ತು. ಅದನ್ನು ಅಳೆಯುವುದೇ ನನಗೆ ಕೆಲಸವಾಯಿತು. ಒಂದೇ ಉಸಿರಲ್ಲಿ ಮನೆಯವರ ಹೆಸರೆಲ್ಲ ಹೇಳಿ ನೋಡುವುದು, ಯಾರವರೆಗೆ ಬಂತು ಎಂದು ಗುರುತಿಟ್ಟುಕೊಳ್ಳುವುದು. ಮೊದಲ ದಿನ ಅಕ್ಕನ ಹೆಸರಿಗೇ ನಿಂತುಹೋಗಿತ್ತು.

ಪಕ್ಕದ ಕೋಣೆಯಲ್ಲಿ ಪಿರಿಯಾಪಟ್ಟಣದ ಕಡೆಯ ಒಬ್ಬ ಮುದುಕರು ಇದ್ದರು. ಅವರದೂ ಇದೇ ಕಾಯಿಲೆ. ಅವರ ಕೆಮ್ಮು ನನ್ನ ಕೆಮ್ಮಿಗೆ ಓಗೊಡುತ್ತಿತ್ತು. ಅವರ ಮುಖ ನಾನು ನೋಡಿರಲಿಲ್ಲ, ಕೆಮ್ಮು ಮಾತ್ರ ಪರಿಚಯ. ಒಂದು ಮಧ್ಯಾಹ್ನ ನಾನು ಕೆಮ್ಮಿದರೆ ಆ ಕಡೆಯಿಂದ ಸದ್ದಿಲ್ಲ. ಸ್ವಲ್ಪ ಹೊತ್ತಿಗೆ ಹೆಂಗಸರ ಅಳು ಕೇಳಿತು. ಅವತ್ತು ನಾನು ಗೋಡೆಯ ಕಡೆ ಮುಖ ಮಾಡಿ ಮಲಗಿದೆ. ಸಂಜೆ ಅಕ್ಕ ಕಿಟಕಿಗೆ ಬಂದು ಕರೆದರೂ ತಿರುಗಲಿಲ್ಲ. ತಿರುಗಿದರೆ ಅಳುತ್ತೇನೆ, ಅತ್ತರೆ ಉಸಿರು ಸಿಗುವುದಿಲ್ಲ ಎಂಬ ಭಯ.

ಡಾಕ್ಟರು ಬಂದು ಸ್ಟೂಲಿನ ಮೇಲೆ ಕೂತರು. ಅವರೂ ದಣಿದಿದ್ದರು. ಯಾಕೋ ಆ ಹೊತ್ತಿನಲ್ಲಿ ಕೇಳಬೇಕೆನಿಸಿತು.

"ಡಾಕ್ಟ್ರೇ, ನಮ್ಮನೇಲಿ ಎಲ್ರಿಗೂ ಬಂದಿತ್ತು. ಅವ್ರೆಲ್ಲ ಎದ್ದು ಓಡಾಡ್ತಾವ್ರೆ. ನನ್ಗೆ, ಆಚೆ ಕೋಣೆ ಯಜಮಾನ್ರಿಗೆ, ನಮ್ಮಂಥೋರ್ಗೇ ಯಾಕೆ ಎದೆಗೆ ಇಳೀತದೆ?"

"ವಯಸ್ಸಾದಂತೆ ಮೈಯೊಳಗಿನ ಕಾವಲು ನಿಧಾನ ಆಗುತ್ತೆ ಅಮ್ಮ. ಫ್ಲೂ ಬಾಗಿಲು ಮುರಿದು ಹೋಗುತ್ತೆ. ಆ ಮುರಿದ ಬಾಗಿಲಲ್ಲಿ ನ್ಯುಮೋನಿಯಾ ಒಳಗೆ ಬರುತ್ತೆ."

"ಸಿಡುಬಿಗೆ ಮೊದ್ಲೇ ತೋಳಿಗೆ ದಾಕು ಹಾಕ್ತಾರಲ್ಲ, ಇದಕ್ಕೆ ಅಂಥದ್ದೇನೂ ಇಲ್ವಾ?"

"ಇದೆ. ಮಿಲಿಟರಿಯಲ್ಲಿ ನಾನೇ ಜವಾನರಿಗೆ ಹಾಕಿದ್ದೇನೆ. ಹೊರದೇಶಗಳಲ್ಲಿ ವಯಸ್ಸಾದವರಿಗೆ ಕೊಡುತ್ತಾರೆ. ನಮ್ಮಲ್ಲಿ ಜನಕ್ಕೆ ಸಿಗುವಷ್ಟು ಇಲ್ಲ."

"ಒಂದ್ಸಲ ಹಾಕುದ್ರೆ ಸಾಕಾ?"

"ಇಲ್ಲ, ವರ್ಷ ವರ್ಷ ಹಾಕಬೇಕು."

"ಅದ್ಯಾಕೆ? ಸಿಡುಬಿಂದು ಅಂಗಲ್ವಲ್ಲ."

"ಸಿಡುಬಿನ ಕ್ರಿಮಿ ಯಾವಾಗಲೂ ಒಂದೇ ಮುಖ ಇಟ್ಟುಕೊಂಡು ಬರುತ್ತೆ. ಇದು ವೇಷ ಬದಲಾಯಿಸುತ್ತೆ. ಹೋದ ವರ್ಷದ ಗುರುತು ಈ ವರ್ಷಕ್ಕೆ ಆಗೋದಿಲ್ಲ."

ನನಗೆ ನೋವು ಮರೆತುಹೋಯಿತು ಎಂದರೆ ಸುಳ್ಳಾದೀತು. ಆದರೆ ಕಣ್ಣಿಗೆ ಕಾಣದ ಒಂದು ಪ್ರಾಣಿ ನಮ್ಮನ್ನು ಏಮಾರಿಸಲು ಮುಖ ಬದಲಾಯಿಸಿಕೊಂಡು ಬರುತ್ತದೆ ಎಂಬ ಮಾತು ಆ ರಾತ್ರಿಯೆಲ್ಲ ನನ್ನ ಜೊತೆಗಿತ್ತು. ಡಾಕ್ಟರು ಎದ್ದು ಹೋಗುವಾಗ ಕಿಟಕಿಯ ಕಡೆ ತಲೆಯಾಡಿಸಿ ಇನ್ನೊಂದು ಮಾತು ಹೇಳಿದ್ದರು. "ಸಿಕ್ಕಿದರೆ ಮೊದಲು ಹಾಕಬೇಕಾದ್ದು ಹೊರಗೆ ನಿಂತಿದ್ದಾರಲ್ಲ, ಅವರಿಗೆ. ಅವರು ಈ ಮಳೆಗಾಲ ತಪ್ಪಿಸಿಕೊಂಡರು. ಪ್ರತಿ ಸಲ ಸಾಲಿಗ್ರಾಮದಲ್ಲಿ ಇರುತ್ತಾರಾ?"

ಮನೆಗೆ ಬಂದ ಮೇಲೂ ಬಹಳ ದಿನ ನಾನು ನಾನಾಗಿರಲಿಲ್ಲ. ಹಿತ್ತಲಿಗೆ ಹೋಗಿಬಂದರೆ ಮಂಡಿ ಕುಸಿಯುತ್ತಿತ್ತು. ಕಾಯಿಲೆಯ ಬಗ್ಗೆ ಹೇಳುವವರು ಈ ಭಾಗವನ್ನು ಹೇಳುವುದೇ ಇಲ್ಲ. ಜ್ವರ ಬಿಟ್ಟಿತು ಎಂದರೆ ಎಲ್ಲ ಮುಗಿಯಿತು ಎಂದು ಮನೆಯವರು ತಿಳಿಯುತ್ತಾರೆ, ನಾವೂ ನಾಚಿಕೆಯಿಂದ ಎದ್ದು ಓಡಾಡುತ್ತೇವೆ. ಅಕ್ಕ ಮಾತ್ರ ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. "ಸುಮ್ಕೆ ಕೂತ್ಕೊ. ಬೇಕಾದ್ರೆ ಅವರೆಕಾಯಿ ಸುಲಿ" ಎನ್ನುತ್ತಿದ್ದಳು. ಅವರೆಕಾಯಿಯ ಕಾಲ ಬರುವಷ್ಟು ದಿನ ಹಾಗೇ ಹೋಯಿತು ಎಂಬುದು ನನಗೂ ಆಶ್ಚರ್ಯ. ಜ್ವರ ಬಂದಾಗಿನಿಂದ ನನ್ನ ಮೂಗಿಗೆ ಯಾವ ವಾಸನೆಯೂ ಹತ್ತುತ್ತಿರಲಿಲ್ಲ. ಒಂದು ಬೆಳಿಗ್ಗೆ ಅವರೆಯ ಸೊಗಡು ಮೂಗಿಗೆ ಬಡಿದಾಗ "ಅಕ್ಕ, ವಾಸ್ನೆ ಬಂತು" ಎಂದು ಕೂಗಿದೆ. ಅವಳು ಏನೋ ಆಯಿತೆಂದು ಹಿಟ್ಟಿನ ಕೈಯಲ್ಲೇ ಓಡಿ ಬಂದಳು.

ಬೇಸಿಗೆಯಲ್ಲಿ ಡಾಕ್ಟರು ಬಸ್ಸಿನ ಕಂಡಕ್ಟರನ ಬಾಯಲ್ಲಿ ಹೇಳಿಕಳಿಸಿದರು. ನೀಲಗಿರಿಯ ಕಡೆ ಇರುವ ಅವರ ಮಿಲಿಟರಿಯ ಹಳೆಯ ಸಂಗಾತಿಯೊಬ್ಬರು ಒಂದಿಷ್ಟು ಫ್ಲೂ ಮದ್ದು ಕಳಿಸುತ್ತಿದ್ದಾರೆ, ಶನಿವಾರ ಬೆಳಿಗ್ಗೆ ಇಬ್ಬರೂ ಬರಬೇಕು ಎಂದು. ಅಕ್ಕನನ್ನು ಹೊರಡಿಸುವುದು ಸುಲಭವಾಗಲಿಲ್ಲ.

"ಜ್ವರ ಇಲ್ಲ, ಕೆಮ್ಮಿಲ್ಲ. ನೆಟ್ಟಗಿರೋಳಿಗೆ ಸೂಜಿ ಯಾಕಮ್ಮಿ?"

"ನೆಟ್ಟಗಿರುವಾಗ್ಲೇ ಹಾಕುಸ್ಕೋಬೇಕಂತೆ ಕಣಕ್ಕ. ಹಾಕಿದ್ಮೇಲೂ ಎರಡು ವಾರ ಬೇಕಂತೆ ಮೈಗೆ ಹತ್ತೋಕೆ."

"ಹಾಕುದ್ರೆ ಬರೋದೇ ಇಲ್ವಂತಾ?"

"ಬಂದ್ರೂ ಬರಬೋದಂತೆ. ಬಂದ್ರೂ ಎದೆ ಮುರಿಯೋ ಅಷ್ಟು ಬರಲ್ವಂತೆ."

"ಬಲು ಧೈರ್ಯದ ಮದ್ದು ಬುಡು ಅದು" ಎಂದಳು. ಆದರೂ ನನ್ನ ಮುಖ ನೋಡಿ ಹೊರಟಳು.

ಉತ್ತಯ್ಯನವರು ಮದ್ದು ಬಂದಿದ್ದ ಫ್ಲಾಸ್ಕಿನ ಮುಚ್ಚಳ ತೆಗೆದು ತೋರಿಸಿದರು. ಐಸಿನ ಚೂರುಗಳ ನಡುವೆ ಬೆರಳಿನಷ್ಟು ದಪ್ಪದ ಒಂದು ಸೀಸೆ, ಒಳಗೆ ಮಬ್ಬು ನೀರು. ಇಷ್ಟೇನಾ ಎನ್ನಿಸಿತು. ಅವರು ಅಕ್ಕನನ್ನು ಕೇಳಿದರು, "ಕೋಳಿಮೊಟ್ಟೆ ತಿಂದರೆ ನಿಮಗೆ ಮೈಮೇಲೆ ದದ್ದು ಏಳುತ್ತಾ?"

ಅಕ್ಕ ಗಾಬರಿಯಾದಳು. "ಶಿವಶಿವ, ನಾವು ಲಿಂಗವಂತ್ರು. ಮೊಟ್ಟೆ ಮುಟ್ಟೋರಲ್ಲ."

ಅಷ್ಟಕ್ಕೆ ಮಾತು ಮುಗಿಯಬಹುದಿತ್ತು. ಆದರೆ ನನ್ನ ಬಾಯಿ ಸುಮ್ಮನಿರಲಿಲ್ಲ. "ಈ ಸೂಜಿಗೂ ಮೊಟ್ಟೆಗೂ ಏನ್ ಸಂಬಂಧ ಡಾಕ್ಟ್ರೇ?"

ಡಾಕ್ಟರು ಫ್ಲಾಸ್ಕಿನ ಮುಚ್ಚಳ ಹಾಕಿದರು. "ಈ ಕ್ರಿಮಿಯನ್ನು ಮೊಟ್ಟೆಯೊಳಗೆ ಬೆಳೆಸುತ್ತಾರೆ. ಆಮೇಲೆ ಅದನ್ನು ಸಾಯಿಸಿ, ಶುದ್ಧ ಮಾಡಿ ಮದ್ದು ಮಾಡುತ್ತಾರೆ."

"ಮೊಟ್ಟೆಯೊಳ್ಗೆ ಮರಿ ಇರ್ತದಾ?" ಎಂದಳು ಅಕ್ಕ.

"ಇರುತ್ತೆ. ಮರಿ ಬೆಳೀತಾ ಇರೋ ಮೊಟ್ಟೆಯೇ ಆಗಬೇಕು."

ಅಕ್ಕ ಎದ್ದು ಸೆರಗು ಹೊದ್ದು ಹೊರಗೆ ನಡೆದಳು.

ನಾನು ಹಿಂದೆ ಓಡಿದೆ. ಅವಳು ರಸ್ತೆಯಾಚೆ ಹೋಗಿ ಬಸ್ಸು ನಿಲ್ಲುವ ಕಡೆ ಮರದ ಬೇರಿನ ಮೇಲೆ ಕೂತಿದ್ದಳು. ನಡೆದ ರಭಸಕ್ಕೆ ಉಸಿರು ಸಿಳ್ಳೆ ಹಾಕುತ್ತಿತ್ತು. ನಾನು ಪಕ್ಕದಲ್ಲಿ ಕೂತೆ. ಮರಿಯ ಮಾತು ಕೇಳಿ ನನಗೂ ಆ ಸೂಜಿ ಬೇಡವೆನಿಸಿತ್ತು. ಆದರೆ ಪಕ್ಕದ ಕೋಣೆಯ ಆ ಮೌನ ನನ್ನ ಕಿವಿಯಲ್ಲಿತ್ತು.

"ನೀ ಹೋಗಿ ಹಾಕುಸ್ಕೊ. ನಿನ್ ಎದೆ ಒಂದ್ಸಲ ಕೆಟ್ಟೈತೆ" ಎಂದಳು.

"ನೀ ಬ್ಯಾಡ ಅಂದ್ರೆ ನನ್ಗೂ ಬ್ಯಾಡ."

"ಹಟ ಮಾಡ್ಬ್ಯಾಡ ಕಣಮ್ಮಿ."

"ಹಟ ಅಲ್ಲ ಅಕ್ಕ. ನಾನು ಹಾಕುಸ್ಕೊಂಡು ನೆಟ್ಟಗಿದ್ದು, ನೀನು ಆ ಮಂಚದ ಮೇಲೆ ಮಲಗಿ, ನಾನು ಕಿಟಕಿ ಹಿಡ್ಕೊಂಡು ನಿಂತ್ಕೋಬೇಕಾ? ನನ್ ಕೈಲಾಗಲ್ಲ."

ಹಾರನಹಳ್ಳಿಯ ಬಸ್ಸು ಬಂತು. ನಾವು ಹತ್ತಲಿಲ್ಲ, ಅದು ಹೋಯಿತು. ನಾನು ಅವಳ ಮುಖವನ್ನು ಓದಲು ನೋಡಿದೆ, ಆಗಲಿಲ್ಲ. ಸಾಮಾನ್ಯವಾಗಿ ಪ್ರಶ್ನೆ ಕೇಳುವವಳು ನಾನು, ಅವಳದು ತೀರ್ಮಾನ ಹೇಳುವ ಕೆಲಸ. ಆವತ್ತು ಮಾತ್ರ ಅವಳೇ ಕೇಳಿದಳು.

"ಶಿವಿ, ರೇಸ್ಮೆ ಹುಳದ ಗೂಡನ್ನ ಏನ್ ಮಾಡ್ತಾರೆ?"

"ಬಿಸಿನೀರಿಗೆ ಹಾಕ್ತಾರೆ."

"ಹುಳ ಒಳ್ಗೆ ಇದ್ದಂಗೇ?"

"ಹೂಂ. ಹೊರಗೆ ಬಂದ್ರೆ ನೂಲು ಕೆಡ್ತದಲ್ಲ."

"ನಾನು ಅದೇ ಸೀರೆ ಉಟ್ಕೊಂಡು ಇಷ್ಟು ವರ್ಷ ಲಿಂಗಪೂಜೆ ಮಾಡಿದೀನಿ" ಎಂದಳು. ಆ ಮಾತನ್ನು ನನಗೆ ಹೇಳಿದಳೋ ತನಗೆ ಹೇಳಿಕೊಂಡಳೋ. "ಮಡಿ ಅಂತ ಉಟ್ಕೊಂಡೆ. ಒಂದಿನಾನೂ ಆ ಹುಳಾನ ನೆನೀಲಿಲ್ಲ."

ಆಮೇಲೆ ಮರದ ಬೊಡ್ಡೆ ಹಿಡಿದು ಎದ್ದಳು. ರಸ್ತೆ ದಾಟಿ, ಬೆಂಚಿನ ಮೇಲಿದ್ದವರನ್ನೆಲ್ಲ ಹಾದು, ಸೀದಾ ಡಾಕ್ಟರ ಮುಂದೆ ನಿಂತಳು.

"ನಿಮ್ಗೆ ಗೊತ್ತಿತ್ತು, ನಾನು ಎದ್ದೋಗ್ತೀನಿ ಅಂತ. ಆದ್ರೂ ನಿಜ ಯಾಕೆ ಹೇಳುದ್ರಿ?"

"ಕೇಳಿದ್ರಲ್ಲ ಅಮ್ಮ."

"ಸುಳ್ಳೇಳಿದ್ರೆ ಹಾಕುಸ್ಕೊಂಡು ಹೋಗ್ತಿದ್ದೆ."

"ಮುಂದಿನ ವರ್ಷ ಯಾರೋ ನಿಜ ಹೇಳ್ತಾ ಇದ್ರು. ಆಮೇಲೆ ನೀವು ನನ್ನ ಯಾವ ಮಾತೂ ನಂಬ್ತಾ ಇರಲಿಲ್ಲ."

ಅಕ್ಕ ಸ್ಟೂಲಿನ ಮೇಲೆ ಕೂತು ಕುಪ್ಪಸದ ತೋಳು ಮೇಲೆ ಸರಿಸಿದಳು. "ಹಾಕಿ. ಆ ಮರೀಗೆ ನಾನು ಕೈ ಮುಗಿದಿವ್ನಿ."

ಡಾಕ್ಟರು ಮೊದಲು ಒಂದು ಹನಿಯನ್ನು ಮಾತ್ರ ಚರ್ಮದಡಿಗೆ ಬಿಟ್ಟು ಕೂರಿಸಿದರು. ಮೊಟ್ಟೆ ತಿಂದೇ ಇಲ್ಲದವರ ಮೈ ಹೇಗೆ ತಾಳುತ್ತದೋ ನೋಡಬೇಕು ಎಂದರು. ನಾನು ಅವಳ ತೋಳನ್ನೇ ನೋಡುತ್ತಾ ಕೂತೆ. ಸೊಳ್ಳೆ ಕಚ್ಚಿದಷ್ಟು ಕೆಂಪಾಗಿ ಹಾಗೇ ಆರಿಹೋಯಿತು. ಆಮೇಲೆ ಪೂರ್ತಿ ಸೂಜಿ. ಆಮೇಲೆ ನನಗೆ. ಮರುದಿನ ಇಬ್ಬರಿಗೂ ತೋಳು ಭಾರ, ಮೈ ಸ್ವಲ್ಪ ಬಿಸಿ. "ಬೇಡಿ ತಂದ ಜ್ವರ" ಎಂದು ಸೊಸೆ ನಕ್ಕಳು. ಸುದ್ದಿ ಕೇಳಿದ ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಅಕ್ಕನ ತೋಳು ನೋಡಿ ಹೋದರು, ನೋಡುವುದಕ್ಕೆ ಅಲ್ಲಿ ಏನೂ ಇಲ್ಲದಿದ್ದರೂ. ಮೊಟ್ಟೆಯ ವಿಷಯವನ್ನು ಅಕ್ಕ ಮುಚ್ಚಿಡಲಿಲ್ಲ. ಕೆಲವರು ಮೂಗಿನ ಮೇಲೆ ಬೆರಳಿಟ್ಟರು. ಒಬ್ಬಾಕೆ ನಮ್ಮ ಮನೆಯಲ್ಲಿ ನೀರು ಕುಡಿಯುವುದನ್ನು ಒಂದಷ್ಟು ದಿನ ಬಿಟ್ಟಳು, ಆಮೇಲೆ ತಾನಾಗಿ ಬಂದು ಮಜ್ಜಿಗೆ ಕೇಳಿದಳು.

ಆ ಮಳೆಗಾಲವೂ ಜ್ವರ ಬಂತು. ಈ ಸಲ ಮೊಮ್ಮಗಳು ಸ್ಕೂಲಿನಿಂದ ತಂದಳು. ಅಷ್ಟರಲ್ಲಿ ಮನೆಯಲ್ಲಿ ಒಂದು ನೇಮ ಆಗಿತ್ತು. ಸೀನುವವರು ಅಕ್ಕನ ಕೋಣೆಯ ಹೊಸಿಲು ದಾಟುವ ಹಾಗಿಲ್ಲ, ಮಹದೇವನೂ ಸೇರಿ. ಅವಳ ತಟ್ಟೆ ಲೋಟ ಬೇರೆ. ಬಾಗಿಲು ಕಿಟಕಿ ತೆರೆದೇ ಇರಬೇಕು, ಚಳಿಯಾದರೆ ಇನ್ನೊಂದು ಕಂಬಳಿ. ಅಕ್ಕನಿಗೆ ಒಂದು ದಿನ ಮೂಗು ಸೋರಿತು. ನಾನು ಅವಳ ಹಾಸಿಗೆಯ ಪಕ್ಕವೇ ಕೂತು ಉಸಿರು ಕೇಳಿದೆ. ಸಿಳ್ಳೆ ಇತ್ತು, ಅದು ಯಾವಾಗಲೂ ಇರುವ ಸಿಳ್ಳೆ. ಎದೆಗೆ ಏನೂ ಇಳಿಯಲಿಲ್ಲ. ಮೂರನೆಯ ದಿನ ಎದ್ದು ಮುದ್ದೆ ಕೇಳಿದಳು.

ಕೊಪ್ಪಕ್ಕೆ ಹೋದಾಗ ಡಾಕ್ಟರನ್ನು ಕೇಳಿದೆ. "ಅಕ್ಕನ್ನ ಕಾದಿದ್ದು ಸೂಜಿನಾ, ನಾವು ಬ್ಯಾರೆ ಇಟ್ಟಿದ್ದಾ?"

"ಗೊತ್ತಿಲ್ಲ ಅಮ್ಮ. ಎರಡೂ ಇರಬಹುದು. ಒಬ್ಬರನ್ನೇ ನೋಡಿ ಹೇಳೋಕೆ ಆಗೋದಿಲ್ಲ."

ಗೊತ್ತಿಲ್ಲ ಎಂದು ಡಾಕ್ಟರೊಬ್ಬರು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಯಾಕೋ ಅದರಿಂದ ನನ್ನ ಭಯ ಹೆಚ್ಚಲಿಲ್ಲ, ಕಡಿಮೆಯಾಯಿತು.

ಮರುವರ್ಷ ಆ ಮದ್ದು ಸಿಗಲಿಲ್ಲ. ನೀಲಗಿರಿಯ ಸಂಗಾತಿಗೆ ವರ್ಗವಾಗಿತ್ತು. ಅದರ ಮರುವರ್ಷ ಉತ್ತಯ್ಯನವರೇ ಮಡಿಕೇರಿಗೆ ಹೋಗಿಬಿಟ್ಟರು. ನಮಗೆ ಉಳಿದದ್ದು ಮನೆಯ ನೇಮಗಳು. ಅಕ್ಕ ಅವನ್ನು ಬಿಡಲಿಲ್ಲ. ಜೊತೆಗೆ ಪ್ರತಿ ಬೇಸಿಗೆಯ ಕೊನೆಗೆ ಕೊಪ್ಪದ ಬಸ್ಸು ಹತ್ತಿ, ಆ ಆಸ್ಪತ್ರೆಯಲ್ಲಿ ಯಾರು ಡಾಕ್ಟರಿದ್ದರೆ ಅವರನ್ನು ಆ ಮದ್ದು ಬಂದಿದೆಯೇ ಎಂದು ಕೇಳಿ ಬರುತ್ತಿದ್ದಳು. ಇಲ್ಲ ಎನ್ನಿಸಿಕೊಂಡು ಬರುತ್ತಿದ್ದಳು. "ಕೇಳ್ದೆ ಇದ್ರೆ ಅವ್ರಿಗೆ ಎಂಗ್ ಗೊತ್ತಾಗ್ಬೇಕು, ಬೇಕಾದೋರು ಇದಾರೆ ಅಂತ?" ಎನ್ನುತ್ತಿದ್ದಳು. ಹಾಗೆ ಹಲವು ಮಳೆಗಾಲ ದಾಟಿದಳು. ಕೊನೆಗೆ ಹೋದದ್ದು ಜ್ವರದಿಂದಲ್ಲ. ಒಂದು ಸಂಕ್ರಾಂತಿಯ ಮುಂದೆ, ಎಳ್ಳು ಆರಿಸುತ್ತಾ ಕೂತವಳು ಗೋಡೆಗೆ ಒರಗಿದಳು. ಅಷ್ಟೆ.

ನನಗೀಗ ಎಪ್ಪತ್ತರ ಹತ್ತಿರ. ಅವಳು ತೀರಿಕೊಂಡ ವರ್ಷ ಬೇಸಿಗೆ ಮುಗಿಯುತ್ತಾ ಬಂದಾಗ ಮನೆಯಲ್ಲಿ ಕೂರಲಾಗಲಿಲ್ಲ. ಒಬ್ಬಳೇ ಬಸ್ಸು ಹತ್ತಿ ಕೊಪ್ಪಕ್ಕೆ ಹೋದೆ. ಹೊಸ ಡಾಕ್ಟರು, ನನ್ನ ಮಗನಿಗಿಂತ ಚಿಕ್ಕವರು. ಬೆಂಚಿನ ಮೇಲೆ ಕಾದು ನನ್ನ ಸರದಿ ಬಂದಾಗ ಒಳಗೆ ಹೋಗಿ ಕೂತೆ. ಅವರು ನಾಡಿ ಹಿಡಿದರು, ನಾಲಿಗೆ ನೋಡಿದರು, ಬೆನ್ನಿಗೆ ಕೊಳವೆಯಿಟ್ಟರು. ಏನೂ ಸಿಗದೆ ನನ್ನ ಮುಖ ನೋಡಿದರು.

"ಏನಾಗಿದೆ ಅಜ್ಜಿ ನಿಮಗೆ?"

"ಏನೂ ಆಗಿಲ್ಲ ಕಣಪ್ಪ" ಎಂದೆ. "ಏನೂ ಆಗ್ದೆ ಇರ್ಲಿ ಅಂತ್ಲೇ ಬಂದಿವ್ನಿ."